ಎದ್ದೇಳು ಅಂದ್ರೆ ಏಳೋಳಲ್ಲ

ಅವನು ಅವಳ ಎದುರು ನಿಂತು ಏನೋ ಹೇಳಿದ. ಅವಳಿಗೆ ಒಂದಕ್ಷರವೂ ತಿಳಿಯದ ಭಾಷೆ. ಆದರೆ ಅಂಗೈಯನ್ನು ಮೇಲೆತ್ತಿದ ರೀತಿ ನೋಡಿದರೆ ಯಾರಿಗಾದರೂ ಅರ್ಥವಾಗುತ್ತಿತ್ತು.

ಎದ್ದೇಳು!

ತರಗತಿಯಲ್ಲಿದ್ದ ಉಳಿದವರೆಲ್ಲ ಎದ್ದು ನಿಂತರು. ಇವಳು ಕೈ ಕಟ್ಟಿಕೊಂಡು ಕುರ್ಚಿಯಲ್ಲಿ ಇನ್ನಷ್ಟು ಭದ್ರವಾಗಿ ಕೂತಳು.

"ಏಳಲ್ಲ. ಯಾಕೆ ಏಳಬೇಕು ಅಂತ ಹೇಳಿ, ಆಮೇಲೆ ಏಳ್ತೀನಿ."

ಅವನು ತುಟಿಯ ಮೇಲೆ ಬೆರಳಿಟ್ಟು ಗೋಡೆಯ ಹಲಗೆಯನ್ನು ತೋರಿಸಿದ. 'ಮೊದಲ ತಿಂಗಳು ಕಿವಿಗೆ ಕೆಲಸ, ಬಾಯಿಗೆ ರಜೆ' ಎಂದು ಬರೆದಿತ್ತು.

'ಬಾಯಿಗೆ ರಜೆಯಂತೆ... ರಜೆ!' ಅವಳಿಗೆ ಮೈಯೆಲ್ಲ ಉರಿದು ಹೋಯಿತು.

ಅದು ಮಿಷನ್ನಿನವರ ತರಬೇತಿ ಮನೆ. ಕಡಲಾಚೆಯ ದೇಶಕ್ಕೆ ದೇವರ ಸೇವೆಗೆಂದು ಹೊರಟವರು ಮೊದಲು ಇಲ್ಲಿ ಆ ದೇಶದ ಭಾಷೆ ಕಲಿಯಬೇಕು. ಅವನು ಅಲ್ಲಿಯ ಮೇಷ್ಟ್ರು. ಅವನ ಪದ್ಧತಿಯೇ ಬೇರೆ. ಮಗು ಹೇಗೆ ಕಲಿಯುತ್ತದೋ ಹಾಗೆ ಕಲಿಯಿರಿ ಅನ್ನುತ್ತಿದ್ದ. ಮೇಜಿನ ಮೇಲೆ ಒಂದು ಬುಟ್ಟಿ, ಅದರಲ್ಲಿ ಪೊರಕೆ, ಬೀಗದಕೈ, ಲೋಟ, ಕೆಂಪು ಬಟ್ಟೆ. ಅವನು ಆ ಭಾಷೆಯಲ್ಲಿ ಏಳು, ಕೂರು, ಲೋಟ ಕೊಡು ಅನ್ನುತ್ತಾನೆ. ಕಲಿಯುವವರು ಮಾತಾಡದೆ ಮಾಡಿ ತೋರಿಸಬೇಕು.

ಅವಳು ನರ್ಸು. ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು. ಬಾಯಿ ಮುಚ್ಚು ಅನ್ನುವುದನ್ನು ಹುಟ್ಟಿದಾಗಿನಿಂದ ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. ಅಪ್ಪ ಹೇಳಿದ್ದರು, ದೊಡ್ಡ ಡಾಕ್ಟರು ಹೇಳಿದ್ದರು. ಅಣ್ಣನಂತೂ "ಹೆಣ್ಣುಮಗಳಿಗೆ ಯಾಕೆ ಪರದೇಶ? ಮದುವೆ ಆಗಿ ಸುಮ್ನೆ ಇರಬಾರ್ದಾ?" ಎಂದು ಫೋನು ಮಾಡಿದಾಗಲೆಲ್ಲ ಅದೇ ರಾಗ ತೆಗೆಯುತ್ತಿದ್ದ. ಇಲ್ಲೂ ಅದೇನಾ?

ಆದರೂ ಮರುದಿನ ಬಂದಳು. ಹಟಕ್ಕೆ ಬಂದಳು.

ಹಟಕ್ಕೇ ಕಲಿತಳು ಕೂಡ! ಮಿಕ್ಕವರು ತಪ್ಪಿದರೆ ಅವನು ಮುಗುಳ್ನಕ್ಕು ಸುಮ್ಮನಾಗುತ್ತಿದ್ದ. ಇವಳು ಎಳ್ಳಷ್ಟು ತಪ್ಪಿದರೂ ಮತ್ತೆ ಮಾಡು, ಇನ್ನೊಮ್ಮೆ ಮಾಡು.

'ನನ್ನ ಕಂಡ್ರೆ ಯಾಕಿಷ್ಟು ಸಿಟ್ಟು ಇವನಿಗೆ?' ಅಂದುಕೊಂಡಳು.

ತಿಂಗಳು ಕಳೆದು ಬಾಯಿಗೆ ಅನುಮತಿ ಸಿಕ್ಕಿತು. ಅವನು ಕಲಿಸಿದ ಮೊದಲ ವಾಕ್ಯ ಪ್ರಾರ್ಥನೆಯದಲ್ಲ, ವಂದನೆಯದೂ ಅಲ್ಲ. ಎದೆ ಮುಟ್ಟಿಕೊಂಡು ಹೇಳಿದ: "ನನಗೆ ಇಲ್ಲಿ ನೋವು."

"ಇದೇ ಯಾಕೆ ಮೊದಲು?" ಅವಳು ಅಜ್ಜಿಯನ್ನು ಕೇಳಿದಳು. ಅಜ್ಜಿ ಆ ದೇಶದವಳೇ. ಮದುವೆಯಾಗಿ ಇಲ್ಲಿಗೆ ಬಂದು ತಲೆ ನರೆತವಳು. ಉಚ್ಚಾರ ತಿದ್ದಲು ದಿನಾ ತರಗತಿಗೆ ಬರುತ್ತಿದ್ದಳು.

"ಅವನ ಅಪ್ಪ ಅಮ್ಮನೂ ಮಿಷನರಿಗಳೇ ಕಣಮ್ಮಾ. ಹುಡುಗ ಬೆಳೆದಿದ್ದು ನಮ್ಮ ದೇಶದಲ್ಲೇ. ಅವನ ಅಮ್ಮನಿಗೆ ಪ್ರಾರ್ಥನೆ ಎಲ್ಲಾ ಬಾಯಿಪಾಠ. ಆದ್ರೆ ಕಾಯಿಲೆ ಬಿದ್ದಾಗ ಎಲ್ಲಿ ನೋವು ಅಂತ ಅಲ್ಲಿಯ ವೈದ್ಯನಿಗೆ ಹೇಳೋಕೆ ಬರ್ಲಿಲ್ಲ. ಇವನು ಶಾಲೆಯಿಂದ ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ಇಲ್ಲಿಗೆ ಬಂದ್ಮೇಲೆ ಮತ್ತೆ ಆ ಕಡೆ ತಲೆ ಹಾಕಿಲ್ಲ. ಅದಕ್ಕೇ ಎಲ್ಲರೂ ಅವನನ್ನ ಕೈಮರ ಅನ್ನೋದು. ದಾರಿ ತೋರಿಸ್ತಾನೆ, ತಾನು ಕದಲಲ್ಲ."

ಅವಳ ಕಣ್ಣು ತುಂಬಿತು. ಅಷ್ಟು ದಿನ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಆ ಸಂಜೆ ಮೆಟ್ಟಿಲ ಬಳಿ ಅವನೇ ಎದುರಾದ.

"ನೀವು ಹೋದ್ಮೇಲೆ ಈ ಮನೆ ಬಿಕೋ ಅನ್ನುತ್ತೆ ಸಿಸ್ಟರ್," ಎಂದ ತಗ್ಗಿದ ದನಿಯಲ್ಲಿ.

ಜೀವನದಲ್ಲಿ ಮೊದಲ ಸಲ ಅವಳ ಬಾಯಿ ತಾನಾಗಿಯೇ ರಜೆ ಹಾಕಿತು!

ಆ ಸುಖ ಬಹಳ ದಿನ ಉಳಿಯಲಿಲ್ಲ.

ಮಿಷನ್ನಿನ ಕಮಿಟಿಯ ಅಧ್ಯಕ್ಷರು ಕರೆಸಿ ಹೇಳಿದರು, "ಈ ಸಲ ನಿಮ್ಮನ್ನ ಕಳಿಸ್ತಿಲ್ಲಮ್ಮ. ಬೇಡ ಅಂದಿದ್ದು ನಿಮ್ಮ ಮೇಷ್ಟ್ರೇ."

ಅವಳು ನೇರ ತರಗತಿಗೆ ನುಗ್ಗಿದಳು. ಅವನೊಬ್ಬನೇ ಇದ್ದ.

"ನನ್ನನ್ನ ಕಳಿಸಬೇಡಿ ಅಂದ್ರಾ?"

"ಅಂದೆ. ಅವರು ನಿಮ್ಮನ್ನ ನರ್ಸ್ ಅಂತ ಕಳಿಸ್ತಿರಲಿಲ್ಲ. ಅಲ್ಲಿರೋ ಒಂದು ಮಿಷನರಿ ಕುಟುಂಬದ ಮಕ್ಕಳನ್ನ ನೋಡ್ಕೊಳ್ಳೋಕೆ ಕಳಿಸ್ತಿದ್ರು. ನಾಲ್ಕು ಪ್ರಾರ್ಥನೆ ಬಾಯಿಪಾಠ ಮಾಡಿಸಿದ್ರೆ ಸಾಕು ಅಂದ್ರು. ನರ್ಸ್ ಆಗಿ, ಭಾಷೆ ಪೂರ್ತಿ ಕಲಿಸಿ ಕಳಿಸಿ, ಇಲ್ಲಾಂದ್ರೆ ಬೇಡ ಅಂದೆ."

ಅವಳ ಕೋಪ ಅರ್ಧ ಇಳಿಯಿತು. ಉಳಿದರ್ಧ ಇನ್ನೂ ಜೋರಾಯಿತು.

"ನನ್ನನ್ನ ಒಂದ್ಮಾತು ಕೇಳಿದ್ರಾ?"

"...ಇಲ್ಲ."

"ನಮ್ಮಣ್ಣನೂ ನನ್ನ ಒಳ್ಳೇದಕ್ಕೇ ಹೇಳೋದು ಮೇಷ್ಟ್ರೇ. ಅವನೂ ಕೇಳಲ್ಲ. ದೇವರ ಕರೆ ಬಂದಿದ್ದು ನನಗೆ, ಜಗಳ ಆಡೋ ಬಾಯಿ ಇರೋದೂ ನನಗೆ! ನಿಜ ಹೇಳಿ... ನಾನು ಹೋಗಬಾರದು ಅನ್ನೋ ಆಸೆ ನಿಮಗೆ ಒಂದು ಚೂರೂ ಇರ್ಲಿಲ್ವಾ?"

ಅವನು ಕೈಯಲ್ಲಿದ್ದ ಲೋಟವನ್ನು ಬುಟ್ಟಿಗೆ ಹಾಕಿದ. ತಲೆ ಎತ್ತಲಿಲ್ಲ.

"ಇತ್ತು," ಎಂದ.

ಅವಳು ಬಾಗಿಲು ದಡಾರನೆ ಎಳೆದುಕೊಂಡು ಹೊರಬಂದಳು. ಸಿಟ್ಟಿಗೆ ಅಳುವೂ ಬಂತು, ಆ 'ಇತ್ತು'ಗೆ ಖುಷಿಯ ಕಣ್ಣೀರೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

ಮರುದಿನ ಕಮಿಟಿ ಕೋಣೆಗೆ ಯಾರೂ ಕರೆಯದೆ ಹೋದಳು. ಮೇಷ್ಟ್ರೂ ಅಜ್ಜಿಯೂ ಅಲ್ಲೇ ಕೂತಿದ್ದರು.

"ನನ್ನನ್ನ ಪರೀಕ್ಷೆ ಮಾಡಿ ಸರ್. ಪಾಸಾದ್ರೆ ನರ್ಸ್ ಅಂತ ಕಳಿಸಿ. ಮಕ್ಕಳನ್ನ ನೋಡ್ಕೊಳ್ಳೋದು ಸಣ್ಣ ಕೆಲಸ ಅಲ್ಲ. ಆದ್ರೆ ನಾನು ಕಲಿತ ಕೆಲಸ ಅದಲ್ಲ."

ಅಧ್ಯಕ್ಷರು ಕನ್ನಡಕ ಏರಿಸಿದರು. "ಸರಿ. ಆ ಭಾಷೇಲಿ ಒಂದು ಪ್ರಾರ್ಥನೆ ಹೇಳಿ."

"ಹೇಳಲ್ಲ."

ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆ ಎತ್ತಿದ.

"ಗಿಳಿಪಾಠ ಬೇಕಾದ್ರೆ ಗಿಳೀನೇ ಕಳಿಸಿ ಸರ್. ನನ್ನ ಪರೀಕ್ಷೆ ಇದು." ಅವಳು ಅಜ್ಜಿಯ ಮುಂದೆ ಮೊಣಕಾಲೂರಿ ಕೂತು ಆ ಭಾಷೆಯಲ್ಲೇ ಶುರು ಮಾಡಿದಳು. ಕೈ ಕೊಡಿ. ಉಸಿರು ಎಳೆದುಕೊಳ್ಳಿ. ಎಲ್ಲಿ ನೋವು?

ಅಜ್ಜಿ ಮೊದಲು ತಮಾಷೆಗೆ ಮಂಡಿ ತೋರಿಸಿದಳು. ಅವಳು ಮಂಡಿಯನ್ನು ನಿಜವಾಗಿಯೇ ಒತ್ತಿ ನೋಡಿ ಮತ್ತೆ ಕೇಳಿದಳು. ಬೇರೆಲ್ಲಿ ನೋವು? ಎಂದಿನಿಂದ? ಅಜ್ಜಿಯ ನಗು ನಿಂತಿತು. ತಡೆದು ತಡೆದು ಏನೋ ಹೇಳತೊಡಗಿದಳು. ತಿಳಿಯದಲ್ಲಿ ಅವಳು ಇನ್ನೊಮ್ಮೆ, ನಿಧಾನ ಅನ್ನುತ್ತಿದ್ದಳು. ಕೊನೆಗೆ ಅಜ್ಜಿ ಅವಳ ಭುಜಕ್ಕೆ ತಲೆಯಿಟ್ಟು ಅತ್ತೇಬಿಟ್ಟಳು.

"ಏನಂದ್ರು? ಏನಂದ್ರು?" ಅಧ್ಯಕ್ಷರು ಮುಂದೆ ಬಗ್ಗಿದರು.

"ಅದು ರೋಗಿ ನರ್ಸಿಗೆ ಹೇಳಿದ ಮಾತು ಸರ್. ನಿಮಗೆ ಹೇಳೋ ಹಾಗಿಲ್ಲ."

ಅಜ್ಜಿ ಮೂಗು ಒರೆಸಿಕೊಂಡಳು. "ಇಲ್ಲಿಗೆ ಬಂದ್ಮೇಲೆ ನನ್ನ ನೋವನ್ನ ನನ್ನ ಭಾಷೇಲಿ ಕೇಳಿದ್ದು ಇವಳೊಬ್ಬಳೇ. ಇನ್ನೇನು ಪರೀಕ್ಷೆ ಬೇಕಪ್ಪಾ ನಿಮಗೆ?"

ಅಧ್ಯಕ್ಷರು ಗೊಣಗಿದರು, ಕೆಮ್ಮಿದರು, ಕೊನೆಗೆ ಗುಮಾಸ್ತನ ಕಡೆ ತಿರುಗಿದರು. "ನರ್ಸ್ ಅಂತಲೇ ಬರ್ಕೊಳ್ಳಪ್ಪ. ಪಾಠ ಮುಗಿದ ಮೇಲೆ ಹೊರಡಲಿ."

ಅಂದೇ ಅವಳು ಅಜ್ಜಿಯ ಎದುರಿಗೇ ಫೋನು ಹಚ್ಚಿದಳು. "ಅಣ್ಣಾ, ನಾನು ಹೋಗ್ತಿದ್ದೀನಿ. ಒಪ್ಪಿಗೆ ಕೇಳ್ತಿಲ್ಲ, ಸುದ್ದಿ ಹೇಳ್ತಿದ್ದೀನಿ."

ಮುಂದಿನ ಪಾಠಗಳಲ್ಲಿ ಅವನು ಕಲಿಸಿದ, ಅವಳು ಕಲಿತಳು. ಮೆಟ್ಟಿಲ ಬಳಿ ಮಾತ್ರ ಇಬ್ಬರೂ ಕಣ್ಣು ತಪ್ಪಿಸಿಕೊಂಡರು. ಅವನಿಗೆ ಏನು ಹೇಳಲೂ ಧೈರ್ಯವಿರಲಿಲ್ಲ, ಅವಳಿಗೆ ಸೋಲಲು ಮನಸ್ಸಿರಲಿಲ್ಲ.

ಕೊನೆಯ ಪಾಠ ಮುಗಿದು ಎಲ್ಲರೂ ಹೋದರು. ಅವನು ಪೊರಕೆ, ಬೀಗದಕೈ, ಕೆಂಪು ಬಟ್ಟೆಯನ್ನು ಬುಟ್ಟಿಗೆ ತುಂಬುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ಆ ಭಾಷೆಯಲ್ಲಿ ಹೇಳಿದಳು.

"ಕೂತ್ಕೊಳ್ಳಿ."

ಅವನು ಬೆರಗಾಗಿ ಅವಳ ಅದೇ ಹಳೆಯ ಕುರ್ಚಿಯಲ್ಲಿ ಕೂತ. ಅವಳು ತುಟಿಯ ಮೇಲೆ ಬೆರಳಿಟ್ಟು ಗೋಡೆಯ ಹಲಗೆ ತೋರಿಸಿದಳು. ಅವನ ಬಾಯಿಗೆ ರಜೆ!

ಆಮೇಲೆ ಎದೆ ಮುಟ್ಟಿಕೊಂಡು, ಅವನು ಕಲಿಸಿದ ಆ ಮೊದಲ ವಾಕ್ಯವನ್ನು ಒಂದು ಸ್ವರವೂ ತಪ್ಪದೆ ಹೇಳಿದಳು.

"ನನಗೆ ಇಲ್ಲಿ ನೋವು."

ಮರುಕ್ಷಣ ಕನ್ನಡಕ್ಕೆ ತಿರುಗಿದಳು. "ಹೇಳಬೇಕಿತ್ತು, ಹೇಳಿದೆ. ನಾನಂತೂ ಹೋಗ್ತೀನಿ. ನೀವು ಕೈಮರ ಅಲ್ವಾ... ಇಲ್ಲೇ ಕೂತಿರಿ."

ಅವನು ಎದ್ದು ನಿಂತ.

"ಕೂತ್ಕೊಳ್ಳಿ ಅಂದೆ!"

ಅವನು ಮೊದಲ ದಿನ ಅವಳು ಮಾಡಿದಂತೆಯೇ ಕೈ ಕಟ್ಟಿಕೊಂಡ. "ಕೂರಲ್ಲ. ಅವತ್ತು ನಿಮ್ಮನ್ನ ಕೇಳದೆ ತೀರ್ಮಾನ ಮಾಡಿದ್ದು ತಪ್ಪು. ಇವತ್ತು ಕೇಳ್ತಿದ್ದೀನಿ. ನಿಮ್ಮನ್ನ ಮದುವೆ ಆಗಿ ನಿಮ್ಮ ಜೊತೆ ನಾನೂ ಬರ್ಲಾ? ಅಮ್ಮನ ಸಮಾಧಿ ನೋಡಬೇಕು. ಒಬ್ಬನೇ ಹೋಗೋಕೆ ಇಷ್ಟು ವರ್ಷ ಎದೆ ಸಾಲ್ಲಿಲ್ಲ."

"ನಾನು ಹೋಗಬಾರದು ಅನ್ನೋ ಆ ಆಸೆ?"

"ಅದು ಹೋಯ್ತು. ನೀವಿಲ್ಲದ ಕಡೆ ನಾನಿರಬಾರದು, ಅಷ್ಟೇ."

ಅವಳ ಕೆನ್ನೆ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. "ಕಮಿಟಿಯವರು ಒಪ್ತಾರಾ?"

"ಒಪ್ಪಿಗೆ ಯಾಕೆ ಕೇಳೋಣ? ಸುದ್ದಿ ಹೇಳೋಣ."

"ಅಯ್ಯೋ, ನನ್ನ ಮಾತು ಕದ್ರಾ! ಅಜ್ಜಿ ಹೇಳಿದ್ರು ತಾನೇ?" ಅಳುವಿನ ನಡುವೆ ಅವಳಿಗೆ ನಗು ಬಂತು. "ಹೇಳಿದ ಮಾತು ಕೇಳದಿದ್ರೆ ಈ ಕೋಣೇಲಿ ಫೇಲು, ಗೊತ್ತಲ್ವಾ ಮೇಷ್ಟ್ರೇ?"

"ಫೇಲ್ ಮಾಡಿ."

ಅವಳು ಕೈ ಮುಂದೆ ಚಾಚಿದಳು. ಕಡಲಾಚೆಯ ಭಾಷೆಯಲ್ಲಿ, ತೀರಾ ಹತ್ತಿರದವರನ್ನು ಕರೆಯುವ ಹಾಗೆ, ಮೆಲ್ಲನೆ ಹೇಳಿದಳು.

"ಬಾ."

ಆ ಒಂದು ಮಾತನ್ನು ಮಾತ್ರ ಅವನು ಮೀರಲಿಲ್ಲ.