ಜಾಗ ತಪ್ಪಿಸಿದ ಕಟ್ಟು

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಗಿರಣಿ ಹೆಂಗಸರು ಬರೆದ ಪತ್ರಗಳ ಮೇಲೆ ನನ್ನ ಗೆಳತಿ ಪಿಎಚ್.ಡಿ. ಮಾಡುತ್ತಿದ್ದಳು. ಹೊಟ್ಟೆಕಿಚ್ಚಿಗೆ ನಾನು ಆ ಪತ್ರಗಳ ಕಟ್ಟನ್ನು ದಾಖಲೆ ಕೋಣೆಯ ಬೇರೊಂದು ಪೆಟ್ಟಿಗೆಗೆ ತುರುಕಿದೆ. ಎರಡು ವರ್ಷ ಹುಡುಕಿ ಸೋತು, ಅವಳು ಕೊರಗಿನಲ್ಲೇ ಸತ್ತಳು.

ನಾನು ಇತಿಹಾಸದ ಅಧ್ಯಾಪಕಿಯಾದೆ. ಈಗ ನನ್ನ ಪುಸ್ತಕಕ್ಕೆಂದು ಯಾವ ಪೆಟ್ಟಿಗೆ ತರಿಸಿದರೂ ಬೇಕಾದ ಕಾಗದಗಳಿಲ್ಲ. ಅದೇ ಕಟ್ಟು ಇರುತ್ತದೆ. ಮುಟ್ಟಿದರೆ ತಣ್ಣಗೆ ಕೊರೆದು ಬೆರಳು ಮರಗಟ್ಟುತ್ತದೆ.

"ನಿನ್ನೆ ನಾನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ನಲ್ಲ ಮೇಡಂ! ಇದಕ್ಕೇನು ಕಾಲು ಬಂದಿದ್ಯಾ?" ಎಂದರು ದಾಖಲೆ ಕೋಣೆಯ ಗುಮಾಸ್ತರು.

ಇವತ್ತು ಅದನ್ನು ಅದರ ಜಾಗದಲ್ಲೇ ಇಡಿಸಿ, ಅಲ್ಲಿ ಗೆಳತಿ ಕೂರುತ್ತಿದ್ದ ಕುರ್ಚಿಗೆ ಕೈಮುಗಿದೆ. "ತಪ್ಪಾಯ್ತು ಕಣೇ, ಇನ್ನಾದ್ರೂ ಬಿಟ್ಬಿಡು."

ಮನೆಗೆ ಬಂದರೆ ಮಗಳು ಕೇಳಿದಳು: "ಅಮ್ಮಾ, ನನ್ನ ಬ್ಯಾಗ್ ಯಾಕೆ ಇಷ್ಟು ತಣ್ಣಗಿದೆ?"

ಒಳಗೆ ಆ ಕಟ್ಟಿತ್ತು. ಮಗಳ ಪುಸ್ತಕಗಳು ಇನ್ನೂ ಸಿಕ್ಕಿಲ್ಲ. ನಾಳೆ ಅವಳಿಗೆ ಪರೀಕ್ಷೆ.