ತನಗೇ ಬೀಗ ಜಡಿದುಕೊಂಡವನು

"ತೆಗಿಯೋ ಅದನ್ನ!"

ಚಾಕುವಿನ ತುದಿ ನನ್ನ ಕುತ್ತಿಗೆಗೆ ಚುಚ್ಚಿತು. ಎದುರಿಗೆ ಲ್ಯಾಪ್‌ಟಾಪ್. ಕಪ್ಪು ಪರದೆ. ಅದರಲ್ಲಿ ಏನೂ ಅಲುಗುತ್ತಿಲ್ಲ...

ಚಾಕು ಹಿಡಿದವನು ಜೂಮಾರ್ತ್. ಬಿಷ್ಕೆಕ್ ನಗರದ ಅರ್ಧ ಟ್ಯಾಕ್ಸಿಗಳು ಅವನವು. ಉಳಿದರ್ಧ ಕನಿಕೇಯ್ ಅಕ್ಕನವು. ಅವನ್ನೂ ನುಂಗಲು ಬೆಳಿಗ್ಗೆ ಅವಳ ಆಫೀಸಿನ ಸರ್ವರ್‌ಗೆ ಕಳ್ಳದಾರಿಯಲ್ಲಿ ನುಗ್ಗಿದ್ದ.

"ಮಧ್ಯಾಹ್ನದೊಳಗೆ ಕಂಪನಿ ಬರ್ಕೊಡು. ಇಲ್ಲಾಂದ್ರೆ ನಿನ್ನ ಗಿರಾಕಿಗಳ ನಂಬರ್ ಎಲ್ಲಾ ಅಳಿಸ್ತೀನಿ!" ಎಂದು ಫೋನಿನಲ್ಲಿ ಹೆದರಿಸಿದ್ದ.

ಗಂಡ ಸತ್ತ ಮೇಲೆ ಅಕ್ಕ ಒಬ್ಬಳೇ ಕಟ್ಟಿದ ಕಂಪನಿ. ನನಗೆ ಮೈ ಉರಿಯಿತು. ಅವನನ್ನು ಹುಡುಕಿಕೊಂಡು ಹೊರಟೆ. ಬಜಾರಿನಲ್ಲಿ ಅವನ ಆಳುಗಳೇ ನನ್ನನ್ನು ಅಟ್ಟಿಸಿಕೊಂಡು ಬಂದರು. ಕಲ್ಲಂಗಡಿ ರಾಶಿಗಳ ನಡುವೆ ಓಡಿದೆ... ಕಾಲು ಜಾರಿತು. ಸಿಕ್ಕಿಬಿದ್ದೆ!

ಕಥೆ ಮುಗಿಯಿತು ಅಂದುಕೊಂಡೆ. ಆದರೆ ಕುರ್ಚಿ ಕೊಟ್ಟು ಕೂರಿಸಿದರು.

"ಸಗಿನ್, ಆ ಸರ್ವರಿಗೆ ಲಿನಕ್ಸ್ ಹಾಕಿದ್ದು ನೀನೇ ತಾನೆ? ಒಳಗೇ ಬಿಡ್ತಾ ಇಲ್ಲ!"

"ಏನು ಮಾಡ್ದೆ?"

"ಫೈರ್‌ವಾಲ್ ಹಾಕ್ದೆ. ಬೇರೆ ಯಾರೂ ಬರಬಾರ್ದು ಅಂತ."

"ನೀನು ಬರೋಕೆ ದಾರಿ ಬಿಟ್ಕೊಂಡ್ಯಾ?"

ಜೂಮಾರ್ತ್ ತಲೆ ಕೆರೆದುಕೊಂಡ.

"ನೆಟ್ಟಲ್ಲಿ ಸಿಕ್ಕ ಪಾಠದಲ್ಲಿ ಎಲ್ಲಾ ಮುಚ್ಚು ಅಂತ ಇತ್ತು..."

"ಮುಂದಿನ ಪಾಠ?"

"ಇನ್ನೂ ಓದಿಲ್ಲ."

ನಗು ತಡೆಯಲು ತುಟಿ ಕಚ್ಚಿದೆ. ಒಳಗೇ ಹೋಗದವನು ಅಳಿಸುವುದಾದರೂ ಏನನ್ನು? ಲಿನಕ್ಸ್ ಪುಕ್ಕಟೆ ಸಿಗುತ್ತದೆ. ಬುದ್ಧಿ ಸಿಗುವುದಿಲ್ಲ!

"ಇಲ್ಲಿಂದ ಆಗಲ್ಲ. ಮಶೀನ್ ಹತ್ರಾನೇ ಹೋಗಿ ಕೀಬೋರ್ಡ್ ಸಿಗಿಸಬೇಕು."

"ಎಲ್ಲಿದೆ ಅದು?"

"ಅಕ್ಕನ ಆಫೀಸಲ್ಲಿ."

"ನಡಿ! ಆಟ ಆಡಿದ್ರೆ ಕುಯ್ದುಬಿಡ್ತೀನಿ."

"ಆಟ ಯಾಕಪ್ಪಾ? ಇರೋದು ಅದೊಂದೇ ದಾರಿ."

ಅಪ್ಪಟ ನಿಜ. ಒಂದು ಸಂಗತಿ ಮಾತ್ರ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸರ್ವರ್ ಮುಚ್ಚಿಕೊಂಡರೆ ಗಿರಾಕಿಗಳ ಕರೆ ಬರುವುದಿಲ್ಲ. ಕರೆ ಬರದಿದ್ದರೆ ಡ್ರೈವರ್‌ಗಳಿಗೆ ಕೆಲಸವಿಲ್ಲ. ಕೆಲಸವಿಲ್ಲದ ಡ್ರೈವರ್‌ಗಳು ಎಲ್ಲಿರುತ್ತಾರೆ, ನೀವೇ ಹೇಳಿ!

ಕಾರು ಅಕ್ಕನ ಆಫೀಸಿನ ಅಂಗಳಕ್ಕೆ ನುಗ್ಗಿತು. ಅಲ್ಲಿ ಕಾಲಿಡಲು ಜಾಗವಿಲ್ಲ. ಡ್ರೈವರ್‌ಗಳೆಲ್ಲ ಬಟ್ಟಲು ಹಿಡಿದು ಚಹಾ ಕುಡಿಯುತ್ತ ಕೂತಿದ್ದರು. ಜೂಮಾರ್ತ್ ಕೈಯಲ್ಲಿದ್ದ ಚಾಕು ಅವರಿಗೆ ಕಂಡಿತು. ಬಟ್ಟಲುಗಳು ಕೆಳಗಿಳಿದವು. ಯಾರೋ ಎದ್ದು ಹೋಗಿ ಗೇಟು ಹಾಕಿದರು. ಜೂಮಾರ್ತ್‌ನ ಆಳುಗಳು ಅವನೊಬ್ಬನನ್ನೇ ಬಿಟ್ಟು ಗೋಡೆ ಹಾರಿ ಓಡಿದರು.

ಅಕ್ಕ ರೊಟ್ಟಿಯ ತಟ್ಟೆ ಹಿಡಿದು ಬಂದಳು.

"ಬಾಪ್ಪಾ ಜೂಮಾರ್ತ್. ಬಂದೋರು ಒಂದು ತುಂಡು ರೊಟ್ಟಿ ಬಾಯಿಗೆ ಹಾಕ್ದೆ ಹೋಗಬಾರ್ದು. ನಮ್ಮ ಹುಡುಗರಿಗೂ ಇವತ್ತು ಬೇರೆ ಕೆಲಸ ಇಲ್ಲ, ನೋಡು."

ನಾನು ಒಳಗೆ ಹೋಗಿ ಕೀಬೋರ್ಡ್ ಸಿಗಿಸಿದೆ. ಗಿರಾಕಿಗಳ ನಂಬರ್ ಎಲ್ಲ ಇದ್ದಲ್ಲೇ ಇದ್ದವು. ಕರೆಗಳು ಬರತೊಡಗಿದವು. ಹೊರಗೆ ಬಂದು ನೋಡಿದರೆ ರೊಟ್ಟಿ ತಟ್ಟೆಯಲ್ಲೇ ಇತ್ತು.

ಪಾಪ... ಅಗಿಯಲು ಅವನಿಗೆ ಹಲ್ಲೇ ಉಳಿದಿರಲಿಲ್ಲ.