ಕೊರಳಿಲ್ಲದ ಬಾಸ್ ಗಿಟಾರ್

ಎಂಟನೇ ತಾರೀಖು, ಸೋಮವಾರ, ಬೆಳಿಗ್ಗೆ ಹತ್ತು ಐವತ್ತಕ್ಕೆ ಠಾಣೆಯ ಮೇಜಿನ ಮೇಲೆ ಉದ್ದನೆಯ ಕಪ್ಪು ಪೆಟ್ಟಿಗೆಯೊಂದು ಬಂದು ಬಿತ್ತು. ಬಿದ್ದ ರಭಸಕ್ಕೆ ದಫೇದಾರರ ಟೀ ತಟ್ಟೆಗೆ ಚೆಲ್ಲಿತು.

"ಕತ್ತು ಕಳವಾಗಿದೆ," ಎಂದ ತಂದವನು.

ದಫೇದಾರರು ಅವನ ಕತ್ತನ್ನೇ ನೋಡಿದರು. ಅದು ಇದ್ದ ಜಾಗದಲ್ಲೇ ಇತ್ತು.

ಅವನು ಪೆಟ್ಟಿಗೆ ತೆರೆದ. ಒಳಗೆ ಕೆಂಪು ಮಖಮಲ್ಲಿನ ಮೇಲೆ ಕಪ್ಪು ಮರದ ಒಂದು ಮೈ ಮಲಗಿತ್ತು. ವೀಣೆಯಲ್ಲ, ಪಿಟೀಲಲ್ಲ, ಸೊಂಟ ಇತ್ತು, ಹೆಗಲಿತ್ತು, ಹೆಗಲ ಮೇಲೆ ಇರಬೇಕಾದ್ದು ಮಾತ್ರ ಇರಲಿಲ್ಲ.

"ಬಾಸ್ ಗಿಟಾರ್. ನನ್ನ ಅಳತೆಗೆ ಹೇಳಿ ಮಾಡಿಸಿದ್ದು. ಹದಿನಾಲ್ಕು ತಿಂಗಳು ಕಾದಿದ್ದೀನಿ. ಶುಕ್ರವಾರ ರೆಕಾರ್ಡಿಂಗ್ ಇದೆ. ಅಷ್ಟರೊಳಗೆ ಸಿಗಬೇಕು, ಅಷ್ಟೇ."

"ಕಳ್ಳನಿಗೆ ಹೇಳಿಕಳಿಸ್ತೀವಿ, ಶುಕ್ರವಾರದೊಳಗೆ ತಂದುಕೊಡಪ್ಪಾ ಅಂತ," ಎಂದರು ದಫೇದಾರರು.

ಒಳಗಿನ ಕೋಣೆಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್‌ಗೆ ಇದೆಲ್ಲ ಕೇಳಿಸುತ್ತಿತ್ತು. ಆಕೆಗೆ ಎಡ ದವಡೆಯ ಹಲ್ಲು ಮೂರು ದಿನದಿಂದ ಜುಮುಗುಡುತ್ತಿತ್ತು. ಹಲ್ಲಿನ ಡಾಕ್ಟರ ಬಳಿ ಹೋಗುವುದನ್ನು ಎರಡು ಸಲ ಮುಂದೂಡಿದ್ದಳು. ಇವತ್ತು ಹನ್ನೊಂದಕ್ಕೆ ಹೋಗುವುದಿತ್ತು. ಫಿರ್ಯಾದಿಯ ದನಿ ಕೇಳುತ್ತಲೇ ಅದೂ ಆಗುವುದಿಲ್ಲವೆಂದು ತಿಳಿಯಿತು.

"ಒಂದು ಕತ್ತಿಗೆ ಇಷ್ಟು ರಂಪ ಯಾಕೆ? ಬೇರೆ ಹಾಕಿಸ್ಕೊಳಿ," ಎಂದಳು ಹೊರಗೆ ಬಂದು.

ಅವನು ಎಡಗೈ ಚಾಚಿ ಮೇಜಿನ ಮೇಲಿಟ್ಟ. ಉಂಗುರದ ಬೆರಳು ಕೊಕ್ಕೆಯಂತೆ ನಿಂತಿತ್ತು, ಕಿರುಬೆರಳು ಅರ್ಧಕ್ಕೇ ಮುಗಿದಿತ್ತು. ಅಂಗಡಿಯ ಷಟರ್ ಬಿದ್ದು ಹೀಗಾದದ್ದು ಮೂರು ವರ್ಷದ ಹಿಂದೆ. ಗಿಟಾರಿನ ಕತ್ತೆಂದರೆ ಎಡಗೈ ಹಿಡಿದು ಬೆರಳು ಓಡಿಸುವ ಉದ್ದನೆಯ ಮರ; ಅಂಗಡಿಯಲ್ಲಿ ಸಿಗುವ ಯಾವ ಕತ್ತೂ ಆ ಕೈಗೆ ಹೊಂದುವುದಿಲ್ಲ. ಈ ಕೈಯ ಪ್ಲಾಸ್ಟರ್ ಅಚ್ಚು ತೆಗೆದು, ಅದಕ್ಕೆ ತಕ್ಕಂತೆ ಕೆತ್ತಿದ ಮರ ಅದು.

"ಅದಿಲ್ಲದೆ ನಾನು ನುಡಿಸೋಕಾಗಲ್ಲ. ಶುಕ್ರವಾರ ನಾನು ಹೋಗದಿದ್ರೆ ಇನ್ನೊಬ್ಬನ್ನ ಕೂರಿಸ್ಕೊತಾರೆ. ಆಮೇಲೆ ನಾನು ಷಟರ್ ಎಳೆಯೋದೇ ಕೆಲಸ."

ಹನ್ನೊಂದು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು: ಅತಿಕ್ರಮ ಪ್ರವೇಶ ಮತ್ತು ಕಳವು. ಶನಿವಾರ ಸಂಜೆ ಆರರಿಂದ ಸೋಮವಾರ ಬೆಳಿಗ್ಗೆ ಹತ್ತರ ನಡುವೆ. ಕಳವಾದ ವಸ್ತು ಎಂಬಲ್ಲಿ ದಫೇದಾರರು, 'ಗಿಟಾರಿನ ಕೊರಳು, ಮರದ್ದು, ಒಂದು' ಎಂದು ಬರೆದರು.

ಸ್ಥಳ ಪಂಚನಾಮೆಗೆ ಹೋದದ್ದು ಹನ್ನೆರಡಕ್ಕೆ. ಹಳೆಯ ಕಟ್ಟಡದ ನೆಲಮಾಳಿಗೆಯ ಕೋಣೆ. ಗೋಡೆಗೆಲ್ಲ ಮೊಟ್ಟೆಯ ರಟ್ಟು ಅಂಟಿಸಿದ್ದರು. ನೆಲದ ಮೇಲೆ ಹಾವಿನ ಹುತ್ತ ಒಡೆದಂತೆ ವೈರುಗಳು. ಬಾಗಿಲಿಗೆ ನಂಬರ್ ಬೀಗ. ಒಡೆದಿರಲಿಲ್ಲ, ಗೀರೂ ಇರಲಿಲ್ಲ.

"ನಂಬರು ಯಾರ್ಯಾರಿಗೆ ಗೊತ್ತು?"

"ನಮ್ಮ ಬ್ಯಾಂಡಿನ ಮೂವರಿಗೆ. ನಾನು, ಹಾಡೋಳು, ಡ್ರಮ್ಮರ್. ಹಾಡೋಳು ಹತ್ತು ದಿನದಿಂದ ಊರಲ್ಲಿಲ್ಲ."

"ಇನ್ಯಾರಿಗೂ ಇಲ್ಲ?"

"ಇಲ್ಲ ಅಂದ್ನಲ್ಲ."

ಮೂಲೆಯಲ್ಲಿ ದುಬಾರಿ ಆಂಪ್ಲಿಫೈಯರ್ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಗಿಟಾರಿನ ಮೈಯನ್ನೂ ಬಿಟ್ಟು, ಬರೀ ಕತ್ತು ಬಿಚ್ಚಿಕೊಂಡು ಹೋಗುವ ಕಳ್ಳನನ್ನು ಇನ್ಸ್‌ಪೆಕ್ಟರ್ ತನ್ನ ಹದಿನೇಳು ವರ್ಷದ ಸರ್ವಿಸಿನಲ್ಲಿ ಕಂಡಿರಲಿಲ್ಲ. ಇದು ಹೊಟ್ಟೆಪಾಡಿನ ಕಳವಲ್ಲ, ಹೊಟ್ಟೆಕಿಚ್ಚಿನದ್ದು.

ಒಂದೂವರೆಗೆ ಡ್ರಮ್ಮರ್‌ನನ್ನು ಕರೆಸಿದರು. ಕುರ್ಚಿಯಲ್ಲಿ ಕೂತವನ ಮೊಣಕಾಲು ಸುಮ್ಮನಿರಲಿಲ್ಲ.

"ಅವನ ಮೇಲೆ ದ್ವೇಷ ಇದೆಯಾ?"

"ಇದೆ. ಅವನ ಕತ್ತು ಮುರೀಬೇಕು ಅಂತ ಎಷ್ಟೋ ಸಲ ಅನ್ಸಿದೆ. ಗಿಟಾರಿನದ್ದಲ್ಲ."

"ಭಾನುವಾರ ಎಲ್ಲಿದ್ರಿ?"

"ಮದುವೆ ಆರ್ಕೆಸ್ಟ್ರಾ. ಬೆಳಿಗ್ಗೆಯಿಂದ ರಾತ್ರಿವರೆಗೆ. ಐನೂರು ಜನ ಸಾಕ್ಷಿ, ನನ್ನ ಕಡೆ ಒಬ್ರೂ ನೋಡಿರಲ್ಲ ಅನ್ನೋದು ಬೇರೆ ಮಾತು."

"ಆ ಗಿಟಾರ್ ಹೇಗಿತ್ತು?"

ಮೊಣಕಾಲು ನಿಂತಿತು. "ಸುಳ್ಳು ಹೇಳಬಾರದು ಮೇಡಂ. ಅದು ಬಂದ್ಮೇಲೆ ಅವನು ಮನುಷ್ಯನ ಥರ ನುಡಿಸ್ತಿದ್ದ. ಮೂರು ವಾರ ಅದರದ್ದೇ ಜಪ. ಮಾಡಿಕೊಟ್ಟ ಮೇಸ್ತ್ರಿ ಕೈಯಲ್ಲಿ ಜಾದೂ ಇದೆ, ಹಾಗೆ, ಹೀಗೆ. ಮೊನ್ನೆ ಗುರುವಾರ ಇದ್ದಕ್ಕಿದ್ದಂತೆ ಶುರು ಮಾಡಿದ ನೋಡಿ: ಕತ್ತು ಸೊಟ್ಟಗಿದೆ, ಕೈಗೆ ಕೂರ್ತಿಲ್ಲ, ಮೊದಲಿಂದ್ಲೂ ನಂಗೆ ಡೌಟು ಅಂತ. ಅದೇ ಮರ, ಅದೇ ಕೈ. ನಂಗಂತೂ ತಲೆಬುಡ ತಿಳೀಲಿಲ್ಲ."

ಇದು ಫಿರ್ಯಾದಿನಲ್ಲಿ ಇರಲಿಲ್ಲ. ಇನ್ಸ್‌ಪೆಕ್ಟರ್ ನೋಟ್ ಮಾಡಿಕೊಂಡಳು.

ಮರುದಿನ, ಒಂಬತ್ತನೇ ತಾರೀಖು, ಠಾಣೆಯ ಕಿಟಕಿ ಸರಿಮಾಡಲು ಬರುವ ಬಡಗಿ ಬಂದಿದ್ದ. ದಫೇದಾರರು ಅವನನ್ನು ಹಿಡಿದು ತಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. "ಮರದ ಹೆಣ. ಮಹಜರು ಮಾಡಿಕೊಡು."

ಬಡಗಿ ಮೈಯನ್ನು ತಿರುವಿ ನೋಡಿದ. ಪೆಟ್ಟಿಗೆಯ ಚೀಲದೊಳಗೆ ಕೈಹಾಕಿದ. ನಾಲ್ಕು ದಪ್ಪ ತಂತಿಗಳು ಒಂದೊಂದೂ ಬಳೆಯಂತೆ ಸುತ್ತಿ, ಬಿಚ್ಚದಂತೆ ತುದಿ ಸಿಕ್ಕಿಸಿಕೊಂಡಿದ್ದವು. ಅದರಡಿಯಲ್ಲಿ ಬೆಂಕಿಪೊಟ್ಟಣದಗಲದ ಒಂದು ರಟ್ಟು. ರಟ್ಟಿನ ನಾಲ್ಕು ಮೂಲೆಗೆ ನಾಲ್ಕು ಉದ್ದ ಸ್ಕ್ರೂ ಚುಚ್ಚಿತ್ತು. ಒಂದು ಬದಿಯಲ್ಲಿ ಪೆನ್ಸಿಲ್ಲಿನಿಂದ ಬಾಣದ ಗುರುತು.

ದಫೇದಾರರು, "ನಿನ್ನೆ ಇದನ್ನ ಕಸ ಅಂದ್ಕೊಂಡೆ," ಎಂದರು.

ಬಡಗಿ ನಕ್ಕ. "ಕಸ ಅಲ್ಲ ಸಾಹೇಬ್ರೇ, ಇದೇ ಕಳ್ಳನ ಫೋಟೋ. ನೋಡಿ, ಮರಕ್ಕೆ ಒಂದು ಸಲ ಹೊಕ್ಕ ಸ್ಕ್ರೂ ಆ ತೂತಿಗೇ ಗಂಡ. ಅದಲು ಬದಲು ಆದ್ರೆ ಹಿಡಿತ ಸಡಿಲ. ಅದಕ್ಕೆ ಯಾವ ಮೂಲೇದು ಯಾವುದು ಅಂತ ರಟ್ಟಿಗೆ ಚುಚ್ಚಿಟ್ಕೊತೀವಿ. ಈ ಬಾಣ, ಯಾವ ಕಡೆ ಮೇಲೆ ಅನ್ನೋಕೆ." ಒಂದು ಸ್ಕ್ರೂವನ್ನು ಎಳೆದು ಉಗುರಿನಿಂದ ಕೆರೆದ. ಬಿಳಿ ಪುಡಿ ಉಗುರಿಗೆ ಹತ್ತಿತು. "ಮೇಣ. ಹೊಸದಾಗಿ ಹಚ್ಚಿದಾರೆ. ಬಿಚ್ಚಿದ ಮೇಲೆ ಹಚ್ಚಿದಾರೆ ಮೇಡಂ, ಮರ ಒಂಚೂರೂ ಅಂಟಿಲ್ಲ."

"ಕದ್ದ ಮೇಲೆ ಮೇಣ ಯಾಕೆ ಹಚ್ತಾರೆ?" ಎಂದಳು ಇನ್ಸ್‌ಪೆಕ್ಟರ್.

"ಅಭ್ಯಾಸ. ಕೈ ಕಲಿತದ್ದನ್ನ ಕೈ ಮಾಡುತ್ತೆ, ತಲೆಯನ್ನ ಕೇಳಲ್ಲ. ಬಿಚ್ಚಿದೋರು ಮರಗೆಲಸದೋರು. ಮತ್ತೆ ಜೋಡಿಸೋ ಮನಸ್ಸಿಂದ ಬಿಚ್ಚಿದಾರೆ."

ಇನ್ಸ್‌ಪೆಕ್ಟರ್ ಫಿರ್ಯಾದಿಗೆ ಫೋನ್ ಮಾಡಿದಳು.

"ಮಾಡಿಕೊಟ್ಟ ಮೇಸ್ತ್ರಿಗೆ ಬೀಗದ ನಂಬರು ಗೊತ್ತಾ?"

"ಅವರಿಗೆ ಹೇಗೆ ಗೊತ್ತಿರುತ್ತೆ? ಅವರು ವರ್ಕ್‌ಶಾಪ್ ಬಿಟ್ಟು ಹೊರಗೆ ಬರಲ್ಲ." ಆಮೇಲೆ ನೆನಪಾಗಿ, "ಮೊದಲನೇ ವಾರ ತಂತಿ ಎತ್ತರ ಸರಿ ಮಾಡೋಕೆ ಅವರ ಮಗಳು ಬಂದಿದ್ಲು. ಅವಳಿಗೆ ಕೊಟ್ಟಿದ್ದೆ."

"ಇನ್ಯಾರಿಗೂ ಗೊತ್ತಿಲ್ಲ ಅಂದ್ರಿ."

"ಅವಳನ್ನೂ ಲೆಕ್ಕಕ್ಕೆ ತಗೋಬೇಕಾ?"

ಇನ್ಸ್‌ಪೆಕ್ಟರ್ ಫೋನ್ ಇಟ್ಟಳು. ಹಲ್ಲು ಒಂದು ಸಲ ಚಳುಕು ಹೊಡೆಯಿತು.

ವರ್ಕ್‌ಶಾಪು ಬೀಗದಂಗಡಿಯ ಪಕ್ಕದ ಓಣಿಯಲ್ಲಿ, ಉದ್ದನೆಯ ತಗಡಿನ ಚಾವಣಿಯ ಕೋಣೆ. ಮಧ್ಯಾಹ್ನ ಮೂರು ಹತ್ತಕ್ಕೆ ಇನ್ಸ್‌ಪೆಕ್ಟರ್, ದಫೇದಾರರು, ಒಬ್ಬಳು ಮಹಿಳಾ ಕಾನ್‌ಸ್ಟೆಬಲ್, ಪಂಚರಾಗಿ ಬಡಗಿ ಮತ್ತು ಬೀಗದಂಗಡಿಯವನು ಒಳಗೆ ಹೋದರು. ಬಾಗಿಲ ಬಳಿ ಸ್ಟೂಲಿನ ಮೇಲೆ ಎಪ್ಪತ್ತರ ಮೇಸ್ತ್ರಿ ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕೂತಿದ್ದ. ಒಳಗೆ ಬೆಂಚಿನ ಮುಂದೆ ಮೂವತ್ತೈದರ ಮಗಳು ಉಳಿಗೆ ಸಾಣೆ ಹಿಡಿಯುತ್ತಿದ್ದಳು. ಪೊಲೀಸರನ್ನು ಕಂಡು ಸಾಣೆ ನಿಲ್ಲಿಸಲಿಲ್ಲ. ಅವಳ ಪಕ್ಕದಲ್ಲಿ ಪ್ಲಾಸ್ಟರಿನ ಒಂದು ಎಡಗೈ, ಕೊಕ್ಕೆ ಬೆರಳು, ಅರ್ಧ ಬೆರಳು ಸಮೇತ.

"ಇವರು ಏನು ಕೆಲಸ ಮಾಡ್ತಾರೆ?" ಇನ್ಸ್‌ಪೆಕ್ಟರ್ ಕೇಳಿದಳು.

"ಗುಡಿಸ್ತಾಳೆ. ಪಾಲಿಶ್ ಮಾಡ್ತಾಳೆ," ಎಂದ ಮೇಸ್ತ್ರಿ.

ಸಾಣೆಯ ಸದ್ದು ನಿಂತಿತು. ಮತ್ತೆ ಶುರುವಾಯಿತು.

"ಗಿಟಾರಿನ ಕತ್ತು ಕಳವಾಗಿದೆ."

"ನಾನೇ ತಗೊಂಡು ಬಂದೆ," ಎಂದ ಮುದುಕ ಥಟ್ಟನೆ. "ನನ್ನ ಕೆಲಸಕ್ಕೆ ಹೆಸರಿಟ್ಟ. ಸಿಟ್ಟು ಬಂತು. ನನ್ನೇ ಕರ್ಕೊಂಡು ಹೋಗಿ."

ಇನ್ಸ್‌ಪೆಕ್ಟರ್ ರಟ್ಟನ್ನು ಅವನ ಮುಂದೆ ಹಿಡಿದಳು. "ಒಂದು ಸ್ಕ್ರೂ ತೆಗೆದು ಅದೇ ತೂತಿಗೆ ಹಾಕಿ."

ಅವನು ಕೈ ಹೊರಗೆ ತೆಗೆಯಲೇ ಇಲ್ಲ. ಅವಳು ಕಾದಳು. ಕೊನೆಗೆ ತೆಗೆದ. ಬಲಗೈ ಜರಡಿ ಹಿಡಿದವರ ಕೈಯಂತೆ ಆಡುತ್ತಿತ್ತು. ಸ್ಕ್ರೂ ನೆಲಕ್ಕೆ ಬಿದ್ದು ಉರುಳಿತು.

"ನಾಲ್ಕು ವರ್ಷ ಆಯ್ತು," ಎಂದಳು ಮಗಳು. "ಹೆಸರು ಅವರದು, ಕೈ ನಂದು."

"ಬಾಯಿ ಮುಚ್ಚೇ!" ಮುದುಕ ಗದರಿದ. "ನಿನ್ನಿಂದ್ಲೇ ಇಷ್ಟೆಲ್ಲ ಆಗಿದ್ದು. ಅವನು ಬಂದಾಗ ಆ ಅಚ್ಚನ್ನ ಒಳಗಿಡು ಅಂತ ಹೇಳಿದ್ನೋ ಇಲ್ವೋ?"

"ನೀನು ಹೇಳಿದ್ದೆ ಅಪ್ಪಾ. ನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೀಯ. ಯಾರಾದ್ರೂ ಬಂದ್ರೆ ಪೊರಕೆ ಹಿಡ್ಕೋ ಅಂತ."

ಗುರುವಾರ ಏನಾಯಿತೆಂದು ಇನ್ಸ್‌ಪೆಕ್ಟರ್ ಕೇಳಿದಳು. ಫಿರ್ಯಾದಿ ಗಿಟಾರಿನ ಹೆಗಲ ಬೆಲ್ಟು ಸಿಕ್ಕಿಸುವ ಒಂದು ಗುಂಡಿಗಾಗಿ, ಹೇಳದೆ ಕೇಳದೆ ಬಂದಿದ್ದ. ಬೆಂಚಿನ ಮೇಲೆ ತನ್ನದೇ ಕೈ ಕಂಡ. ಅದರ ಮುಂದೆ ಉಳಿ ಹಿಡಿದ ಅವಳನ್ನು ಕಂಡ. ಮಾತಾಡದೆ ಹೋದ. ಅರ್ಧ ಗಂಟೆಗೆ ಮೇಸ್ತ್ರಿಯ ಫೋನಿಗೆ ಮೆಸೇಜು ಬಂತು. ಮಗಳು ಅದನ್ನು ತೆಗೆದು ತೋರಿಸಿದಳು.

'ನಾನು ಆರ್ಡರ್ ಕೊಟ್ಟದ್ದು ನಿಮ್ಮ ಕೈಗೆ, ನಿಮ್ಮ ಮಗಳ ಕೈಗಲ್ಲ. ಮೊದಲ ದಿನವೇ ಏನೋ ಸರಿಯಿಲ್ಲ ಅನಿಸಿತ್ತು. ಕತ್ತು ತಪ್ಪಾಗಿದೆ. ನೀವೇ ಕೂತು ಬೇರೆ ಮಾಡಿಕೊಡಿ. ಅಲ್ಲಿಯವರೆಗೆ ಹೇಗೋ ಇದರಲ್ಲೇ ಸುಧಾರಿಸುತ್ತೇನೆ.'

"ಎಲ್ಲಿದೆ ಅದು?"

ಅವಳು ಗದ್ದದಿಂದ ಗೋಡೆ ತೋರಿಸಿದಳು. ಆರು ಮರದ ಕೊರಳುಗಳು ಮೊಳೆಗಳಿಗೆ ಸಾಲಾಗಿ ನೇತಾಡುತ್ತಿದ್ದವು. "ಅದ್ರಲ್ಲೊಂದು. ಅವನನ್ನೇ ಕರೆಸಿ, ಹುಡುಕ್ಕೊಳ್ಳಲಿ. ಸೊಟ್ಟಗಿರೋದು ಸುಲಭವಾಗಿ ಸಿಗಬೇಕಲ್ಲ."

ದಫೇದಾರರು, "ಪೊಲೀಸರಿಗೇ ಸವಾಲಾ?" ಎಂದು ಮುಂದೆ ಬಂದರು. ಇನ್ಸ್‌ಪೆಕ್ಟರ್ ತಡೆದಳು. ಹೇಗೂ ಗುರುತಿಸುವ ಪಂಚನಾಮೆ ಆಗಲೇಬೇಕಿತ್ತು. ಒಂದೇ ತರಹದ ಆರು ವಸ್ತು ಇದ್ದಲ್ಲೇ ಸಿಕ್ಕಿವೆ. ಆರಕ್ಕೂ ನಂಬರ್ ಚೀಟಿ ಕಟ್ಟಿಸಿದಳು.

ನಾಲ್ಕು ಐದಕ್ಕೆ ಫಿರ್ಯಾದಿ ಬಂದ. ಬರುತ್ತಲೇ ಅವಳ ಕಡೆಗೆ ಬೆರಳು ಚಾಚಿದ. "ಇವಳೇನಾ? ಇವಳಿಗೆ ಎಷ್ಟು ಕೊಬ್ಬು!"

"ಬೆರಳು ಇಳಿಸಿ," ಎಂದಳು ಇನ್ಸ್‌ಪೆಕ್ಟರ್. "ಮುಟ್ಟಿ ನೋಡಿ ಹೇಳಿ, ನಿಮ್ಮದು ಯಾವುದು."

ಒಂದನ್ನು ಹಿಡಿದ, ಬಿಟ್ಟ. ಎರಡನ್ನು ಹಿಡಿದ, ಬಿಟ್ಟ. ಮೂರನ್ನು ಹಿಡಿದು ಮುಖ ಕಿವುಚಿದ. ನಾಲ್ಕಕ್ಕೆ ಕೈಯಿಟ್ಟದ್ದೇ, ಕೊಕ್ಕೆ ಬೆರಳು ಹೋಗಿ ಮರದ ತಗ್ಗಿನಲ್ಲಿ ಕೂತಿತು. ಅರ್ಧ ಬೆರಳಿಗೂ ಅಲ್ಲೊಂದು ಜಾಗ ಕಾದಿತ್ತು. ತಂತಿಯೇ ಇಲ್ಲದ ಮರದ ಮೇಲೆ ಬೆರಳುಗಳು ತಾವಾಗಿ ಓಡಾಡತೊಡಗಿದವು.

"ಇದೇ," ಎಂದ ಅವನು.

"ಐದು, ಆರು ನೋಡಲ್ವಾ?"

"ಬೇಡ. ಇದೇ."

"ಹೇಗೆ ಗೊತ್ತಾಯ್ತು ಅಂತ ಕೇಳಿ ಮೇಡಂ," ಎಂದಳು ಮೇಸ್ತ್ರಿಯ ಮಗಳು.

ಕೇಳಬೇಕಾದ ಪ್ರಶ್ನೆಯೇ. "ಗುರುತಿನ ಆಧಾರ?"

ಅವನು ಕೊರಳಿಗೆ ಕಟ್ಟಿದ್ದ ನಂಬರ್ ಚೀಟಿಯನ್ನು ತಿರುವಿದ.

"ಆಧಾರ ಇಲ್ಲದೆ ಪಂಚನಾಮೆ ನಿಲ್ಲಲ್ಲ. ಸೊಟ್ಟಗಿದೆ ಅಂತ ಗುರುತು ಹಿಡಿದ್ರಾ?"

"...ಇಲ್ಲ."

"ಮತ್ತೆ?"

"ಕೈಗೆ ಕೂರುತ್ತೆ."

"ಉಳಿದವು?"

"ಉಳಿದವು ಕೂರಲ್ಲ." ನುಂಗಲಾರದ ತುತ್ತಿನಂತೆ ಬಂತು ಮಾತು.

ದಫೇದಾರರು ಬರೆದರು. ಪಂಚರು ರುಜು ಹಾಕಿದರು. ಬಡಗಿ ಮಾತ್ರ ರುಜು ಹಾಕುವ ಮೊದಲು ನಾಲ್ಕನೇ ಕೊರಳಿನ ಬೆನ್ನನ್ನು ಹೆಬ್ಬೆರಳಿನಿಂದ ಉದ್ದಕ್ಕೂ ಸವರಿ, "ಅಬ್ಬಾ," ಎಂದಷ್ಟೇ ಹೇಳಿದ.

ಫಿರ್ಯಾದಿ ಕೊರಳನ್ನು ಬಗಲಿಗೆ ಸೇರಿಸಿಕೊಂಡು ಹೊರಟಾಗ ದಫೇದಾರರು ಅಡ್ಡ ನಿಂತರು. "ಅದು ಮುದ್ದೆಮಾಲು, ಕೇಸಿನ ಸಾಕ್ಷಿ. ಅರಗು ಹಾಕಿ ಕೋರ್ಟಿಗೆ ಹೋಗುತ್ತೆ. ಅರ್ಜಿ ಹಾಕಿ ಬಿಡಿಸ್ಕೊಳಿ."

"ಶುಕ್ರವಾರದೊಳಗೆ ಸಿಗುತ್ತಾ?"

"ಕೋರ್ಟಿಗೆ ರಜೆ. ಸೋಮವಾರ ತೆರೆಯುತ್ತೆ."

ಅವನು ಕೂಗಾಡಿದ, ಇನ್ಸ್‌ಪೆಕ್ಟರ್‌ಗೆ, ಮುದುಕನಿಗೆ, ಅವಳಿಗೆ, ಎಲ್ಲರಿಗೂ ಸೇರಿಸಿ ಬೈದ. ಕೊನೆಗೆ ದಫೇದಾರರು ಕೊರಳನ್ನು ಬೆರಳು ಬೆರಳಾಗಿ ಬಿಡಿಸಿ ತೆಗೆದುಕೊಳ್ಳಬೇಕಾಯಿತು.

ನಾಲ್ಕು ಐವತ್ತಕ್ಕೆ ಬಂಧನ ದಾಖಲಾಯಿತು. ಮೇಸ್ತ್ರಿ ಸ್ಟೂಲಿನಿಂದ ಏಳಲಿಲ್ಲ. ಮಗಳು ಏಪ್ರನ್ ಬಿಚ್ಚಿ, ಕೊಡವಿ, ಮಡಿಸಿ ಬೆಂಚಿನ ಮೇಲಿಟ್ಟು ಮಹಿಳಾ ಕಾನ್‌ಸ್ಟೆಬಲ್ ಜೊತೆ ನಡೆದಳು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ದಫೇದಾರರು, "ಕಾರಣ ಏನಂತ ಬರೀಲಿ ಮೇಡಂ, ದ್ವೇಷ ಅಂತಲಾ?" ಎಂದು ಕೇಳಿದರು.

ಇನ್ಸ್‌ಪೆಕ್ಟರ್ ಎದುರಿಗಿದ್ದವಳನ್ನು ನೋಡಿದಳು. "ಅಷ್ಟು ಸಿಟ್ಟಿದ್ರೆ ಸೀಳಿ ಬಿಸಾಕಬಹುದಿತ್ತಲ್ಲ. ಸ್ಕ್ರೂಗೆ ಮೇಣ ಯಾಕೆ ಹಚ್ಚಿದೆ?"

"ವಾಪಸ್ ಹಾಕೋಳಿದ್ದೆ." ಅವಳು ಮೇಜಿನ ಅಂಚಿನ ಮರವನ್ನು ಉಗುರಿನಿಂದ ತಟ್ಟುತ್ತಿದ್ದಳು. "ತಪ್ಪಾಗಿದೆ ಅಂತ ಬರೆದಿದ್ನಲ್ಲ. ಇರಬಹುದು ಅಂದ್ಕೊಂಡೆ. ಭಾನುವಾರ ಹನ್ನೆರಡಕ್ಕೆ ಹೋಗಿ ಬಿಚ್ಕೊಂಡು ಬಂದೆ. ಸಂಜೆವರೆಗೂ ಬೆಳಕಿಗೆ ಹಿಡಿದು ನೋಡಿದೆ, ಅಳತೆಪಟ್ಟಿ ಇಟ್ಟೆ, ಅಚ್ಚಿನ ಕೈಗೆ ಕೂರಿಸಿದೆ, ಕಣ್ಣು ಮುಚ್ಚಿ ಸವರಿದೆ. ತಪ್ಪು ಸಿಕ್ಕಿದ್ರೆ ತಿದ್ದಿ, ಯಾರಿಗೂ ಗೊತ್ತಾಗದ ಹಾಗೆ ಅಲ್ಲೇ ಇಟ್ಟು ಬರ್ತಿದ್ದೆ."

"ಸಿಗ್ಲಿಲ್ಲ?"

"ಕೂದಲೆಳೆಯಷ್ಟೂ ಸಿಗ್ಲಿಲ್ಲ ಮೇಡಂ. ಆಮೇಲೆ ಕೊಡೋಕೆ ಮನಸ್ಸಾಗ್ಲಿಲ್ಲ."

ದಫೇದಾರರು ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು. ಇನ್ಸ್‌ಪೆಕ್ಟರ್, "ಅವಳು ಹೇಳಿದ ಹಾಗೇ ಬರೀರಿ," ಎಂದಳು.